ತೊಟ್ಟಿಯ ನೀರಿನ ಖಾರ

ಆ ವರ್ಷ ಶಿವರಾತ್ರಿಯಿಂದ ಯುಗಾದಿಯವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಊಟಕ್ಕೆ ಕೂತರೆ ಅರ್ಧ ಮುದ್ದೆಗೇ ಎದ್ದು ಹಿತ್ತಲಿಗೆ ಹೋಗಿಬರಬೇಕೆನಿಸುತ್ತಿತ್ತು. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಕೈ ಸೊಪ್ಪಿನ ಮೇಲಿದ್ದರೂ ಕಿವಿ ಹಿತ್ತಲ ಕಡೆಗೇ ಇರುತ್ತಿತ್ತು. ಇದಕ್ಕೆಲ್ಲ ಕಾರಣ ನಮ್ಮ ತೊಟ್ಟಿಯ ನೀರು. ಅದನ್ನು ಒಂದು ಪಿಂಗಾಣಿ ಬಟ್ಟಲಲ್ಲಿ ತೆಗೆದುಕೊಂಡು, ಎರಡು ಹನಿ ಅನ್ನದ ಗಂಜಿ ಬಿಟ್ಟು, ಹೆಲ್ತ್ ಇನ್ಸ್‌ಪೆಕ್ಟರು ಕೊಟ್ಟಿದ್ದ ಸೀಸೆಯಿಂದ ಒಂದು ಹರಳು ಉಪ್ಪು ಹಾಕಿದರೆ ನೀರು ನೀಲಿಯಾಗಬೇಕು. ನೀಲಿಯಾದರೆ ಅಕ್ಕ ಆ ನೀರಿಗೆ ಇಳಿಯಬಹುದು. ಆಗದಿದ್ದರೆ ತೂಬು ತೆಗೆದು ತೊಟ್ಟಿ ಬರಿದು ಮಾಡಬೇಕು. ಬರಿದು ಮಾಡಿದರೆ ಮಳೆ ಬೀಳುವವರೆಗೆ ಮತ್ತೆ ತುಂಬಿಸುವಷ್ಟು ನೀರು ನಮ್ಮ ಬಾವಿಯಲ್ಲಿರಲಿಲ್ಲ.

ನಮ್ಮ ಮನೆ ಶ್ರೀನಿವಾಸಪುರದ ಹೊರಗೆ, ರಾಯಲ್ಪಾಡಿಗೆ ಹೋಗುವ ದಾರಿಯಲ್ಲಿದೆ. ಹಿಂದೆ ಮಾವಿನ ತೋಪು, ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ಅದರಾಚೆ ರಾಗಿ ಹೊಲ. ತಾತ ಬದುಕಿದ್ದಾಗ ಮಾವಿನ ಸಸಿಗಳಿಗೆಂದು ಹಿತ್ತಲಲ್ಲಿ ಕಲ್ಲು ಚಪ್ಪಡಿಯ ತೊಟ್ಟಿ ಕಟ್ಟಿಸಿದ್ದರು. ಎತ್ತು ಕಟ್ಟಿ ಕಪಿಲೆ ಹೊಡೆದರೆ ಬಾವಿಯ ನೀರು ಕಾಲುವೆಯಲ್ಲಿ ಹರಿದು ಬಂದು ಅದರಲ್ಲಿ ನಿಲ್ಲುತ್ತಿತ್ತು. ನಿಂತರೆ ಎದೆಯವರೆಗೆ ನೀರು. ಒಂದು ಬದಿಗೆ ಮೆಟ್ಟಿಲು, ಅದರ ಪಕ್ಕಕ್ಕೆ ಮೊಣಕಾಲೆತ್ತರದ ಕಟ್ಟೆ. ಸಸಿಗಳು ಮರಗಳಾದ ಮೇಲೆ ತೊಟ್ಟಿಗೆ ಅಂಥ ಕೆಲಸವೇನೂ ಇರಲಿಲ್ಲ. ಎಮ್ಮೆ ತೊಳೆಯುತ್ತಿದ್ದೆವು.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮಾವಿನ ಮರ ಹತ್ತುವುದರಲ್ಲಿ ನಮ್ಮ ಕೇರಿಯ ಹುಡುಗರೂ ಅವಳಿಗೆ ಸಮನಿರಲಿಲ್ಲ. ದೀಪಾವಳಿ ಕಳೆದ ಮೇಲೆ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಎಡಗಾಲು ಅವಳ ಮಾತು ಕೇಳದಾಯಿತು. ಹಿಂಡದೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಅಪ್ಪ ಅವಳನ್ನು ಚಿಕ್ಕ ರೈಲಿನಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಕಾಲನ್ನು ಎತ್ತಿ ಇಳಿಸಿ, ಹಿಮ್ಮಡಿಗೆ ಸೂಜಿ ಮುಟ್ಟಿಸಿ ನೋಡಿದರು.

"ನೆಲದ ಮೇಲೆ ಈ ಕಾಲು ಇವಳ ಭಾರ ಹೊರೋದಿಲ್ಲ. ನೀರು ಹೊರುತ್ತೆ. ಚಿನ್ನದ ಗಣಿ ದೊರೆಗಳು ಬಂಗಲೆ ಹಿಂದೆ ಈಜುಕೊಳ ಕಟ್ಟಿಸ್ಕೊಂಡಿದಾರಲ್ಲ, ಅಂಥದ್ದು ಬೇಕು. ದಿನಾ ಎರಡು ಹೊತ್ತು ನೀರಲ್ಲಿ ನಿಂತು ಕಾಲು ಆಡಿಸಬೇಕು. ಮಳೆಗಾಲದೊಳಗೆ ಈ ಕಾಲಿಗೆ ಕೆಲಸ ಕಲಿಸದಿದ್ರೆ ಆಮೇಲೆ ಕಲಿಯೋದು ಕಷ್ಟ."

"ಈಜುಕೊಳ ನಾವೆಲ್ಲಿಂದ ತರೋದು ಸ್ವಾಮಿ?" ಅಂದರು ಅಪ್ಪ.

ಅಕ್ಕ ಮೇಜಿನ ಮೇಲೆ ಮಲಗಿದ್ದವಳು, "ಎಮ್ಮೆ ತೊಟ್ಟಿ ಇದೆಯಲ್ಲಪ್ಪ" ಅಂದಳು.

ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ. ಮನೆಗೆ ಬಂದ ಮಾರನೆಯ ದಿನವೇ ತೊಟ್ಟಿಯ ಪಾಚಿ ಕೆರೆಸಿ, ಸುಣ್ಣ ಬಳಿಸಿ, ಸುತ್ತ ಬಿದಿರು ತಡಿಕೆ ಕಟ್ಟಿಸಿ, ಐದು ದಿನ ಕಪಿಲೆ ಹೊಡೆಸಿ ನೀರು ತುಂಬಿಸಿದರು. ಬಾವಿಯಲ್ಲಿದ್ದ ನೀರೆಲ್ಲ ಅದಕ್ಕೇ ಮುಗಿಯಿತು. ಆಮೇಲೆ ಬಾವಿಗೆ ಒಸರುತ್ತಿದ್ದುದು ಮನೆಗೂ ದನಗಳಿಗೂ ಸರಿಹೋಗುವಷ್ಟು ಮಾತ್ರ.

ಅಕ್ಕ ಹಳೆಯ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮೇಲೆ ಅಪ್ಪನ ಅಂಗಿ ತೊಟ್ಟು ನೀರಿಗಿಳಿಯುತ್ತಿದ್ದಳು. ಇಳಿಸುವುದು ಹತ್ತಿಸುವುದು ನನ್ನ ಮತ್ತು ಅಮ್ಮನ ಕೆಲಸ. ಕಂಕುಳಿಗೆ ಕೈಕೊಟ್ಟು ಎತ್ತಿ ತರುತ್ತಿದ್ದೆವು. ನೀರಿನೊಳಗೆ ಮಾತ್ರ ಅವಳು ಕಟ್ಟೆ ಹಿಡಿದು ತಾನೇ ನಿಲ್ಲುತ್ತಿದ್ದಳು. ಎಡಗಾಲು ತೇಲಿ ಬರುತ್ತಿತ್ತು. ಅದನ್ನು ಕೆಳಗೆ ಒತ್ತಬೇಕು, ಮತ್ತೆ ಬಿಡಬೇಕು. ಎಷ್ಟು ಸಲ ಒತ್ತಿದಳೆಂದು ನಾನು ಬರೆದುಕೊಳ್ಳುತ್ತಿದ್ದೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಹುಳು ಪೊರೆ ಬಿಡಲು ಯಾವಾಗ ಜ್ವರಕ್ಕೆ ಕೂತವು, ಯಾವಾಗ ಎದ್ದವು, ಎಷ್ಟು ಬುಟ್ಟಿ ಸೊಪ್ಪು ತಿಂದವು ಎಂದು ಬರೆದಿಡುವುದು ಮಿಡ್ಲ್ ಸ್ಕೂಲು ಮುಗಿದಾಗಿನಿಂದ ನನ್ನ ಪಾಲಿಗೆ ಬಂದಿತ್ತು. ಅದೇ ಚಾಳಿ ಇಲ್ಲಿಗೂ ಬಂತು. ಅಕ್ಕ ನನ್ನನ್ನು ಶ್ಯಾನುಭೋಗರೇ ಅಂತ ಕರೆಯುತ್ತಿದ್ದಳು.

ಬೇಸಿಗೆ ಕಾಲಿಡುವಾಗ ಮುಳಬಾಗಿಲಿನ ಕಡೆ, ಬೈರಕೂರಿನ ಸುತ್ತ ವಾಂತಿಭೇದಿ ಇದೆಯೆಂಬ ಮಾತು ಎದ್ದಿತು. ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದು ಊರಿನ ಬಾವಿಗಳಿಗೆಲ್ಲ ಬಿಳಿ ಪುಡಿ ಹಾಕಿಸಿದರು. ನಮ್ಮ ಹಿತ್ತಲಿಗೂ ಬಂದರು. ತೊಟ್ಟಿ ನೋಡಿ ಅವರ ಮುಖ ಗಂಟಾಯಿತು.

"ನಿಂತ ನೀರು. ಅದರಲ್ಲಿ ದಿನಾ ಮನುಷ್ಯರು ಇಳೀತಾರೆ. ಪಕ್ಕದಲ್ಲೇ ಕುಡಿಯೋ ಬಾವಿ. ಇದನ್ನ ಖಾಲಿ ಮಾಡಿಸ್ಬೇಕು."

ಅಪ್ಪ ಡಾಕ್ಟರ ಮಾತು ಹೇಳಿದರು. ಅಕ್ಕ ನೀರಿನಲ್ಲೇ ಇದ್ದಳು. ತಡಿಕೆಯ ಆಚೆಯಿಂದ, "ಸಾರ್, ಸ್ವಲ್ಪ ದಿನ ಬಿಡಿ ಸಾರ್. ನಡ್ಕೊಂಡು ಬಂದು ನಾನೇ ತೂಬು ತೆಗೀತೀನಿ" ಅಂದಳು.

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಟೋಪಿ ತಿರುಗಿಸುತ್ತ ನಿಂತರು. ಆಮೇಲೆ ಒಂದು ಒಪ್ಪಂದಕ್ಕೆ ಬಂದರು. ದಿನಾ ಸಂಜೆ ಬ್ಲೀಚಿಂಗ್ ಪುಡಿ ಕಲಸಿ ಹಾಕಬೇಕು. ಹಾಕಿದ್ದರ ಸತ್ವ ಮಾರನೆಯ ಬೆಳಗ್ಗೆಗೂ ನೀರಿನಲ್ಲಿ ಉಳಿದಿರಬೇಕು. ಅದಕ್ಕೆ ಅವರು ಕ್ಲೋರಿನ್ ಅಂದರು. ಅದು ಉಳಿದಿದ್ದರೆ ಗಂಜಿ ಬಿಟ್ಟ ನೀರು ನೀಲಿಯಾಗುತ್ತದೆ. ಸೋಮವಾರ ಸೋಮವಾರ ತಾವೇ ಬಂದು ನೋಡುತ್ತಾರೆ. ಯುಗಾದಿಯೊಳಗೆ ಒಂದು ಸೋಮವಾರವಾದರೂ ಬಟ್ಟಲು ಚೆನ್ನಾಗಿ ನೀಲಿಯಾಗಬೇಕು. ಆಗದಿದ್ದರೆ ತೂಬು ತೆಗೆಯುವುದೇ. ಇಷ್ಟು ಹೇಳಿ, ಪರೀಕ್ಷೆ ಮಾಡುವ ರೀತಿಯನ್ನು ನನಗೆ ತೋರಿಸಿ, ಉಪ್ಪಿನ ಸಣ್ಣ ಸೀಸೆಯೊಂದನ್ನು ಕೈಗೆ ಕೊಟ್ಟರು. "ಯುದ್ಧದ ಕಾಲ ಕಣಮ್ಮ, ಇದು ಸಿಗೋದಿಲ್ಲ. ಹರಳು ಹರಳಾಗಿ ಖರ್ಚು ಮಾಡು" ಅಂದರು.

ಕ್ಲೋರಿನ್ ಎನ್ನುವುದು ಅಮ್ಮನ ಬಾಯಿಗೆ ಬರಲಿಲ್ಲ. ಖಾರ ಅಂದಳು. ಮನೆಯವರೆಲ್ಲ ಹಾಗೇ ಅನ್ನತೊಡಗಿದೆವು.

ಮೊದಲ ಸಂಜೆ ಪುಡಿ ಹಾಕಿದ ಸ್ವಲ್ಪ ಹೊತ್ತಿಗೆ ಪರೀಕ್ಷೆ ಮಾಡಿದೆ. ಬಟ್ಟಲಿನ ನೀರು ನವಿಲಿನ ಕತ್ತಿನ ಹಾಗೆ ನೀಲಿಯಾಯಿತು. ಅಮ್ಮನನ್ನು ಕರೆದು ತೋರಿಸಿದೆ. ಮಾರನೆಯ ಬೆಳಗ್ಗೆ ಹುಳುಗಳಿಗೆ ಸೊಪ್ಪು ಹಾಕಿ ಕೈತೊಳೆದು ಹೋಗಿ ನೋಡಿದರೆ, ತೊಳೆದ ಅಕ್ಕಿಯ ನೀರಿನ ಹಾಗೆ ಬೆಳ್ಳಗಿತ್ತು. ಬಟ್ಟಲನ್ನು ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ಸೆರಗಿನ ಮರೆಯಲ್ಲಿ ಹಿಡಿದು ನೋಡಿದೆ. ಎಲ್ಲಿ ಹಿಡಿದರೂ ಬಿಳುಪೇ. ರಾತ್ರಿ ಬೆಳಗಾಗುವುದರೊಳಗೆ ಖಾರ ಎಲ್ಲಿಗೆ ಹೋಯಿತು?

ಮೊದಲು ಪುಡಿಯನ್ನೇ ಅನುಮಾನಿಸಿದೆ. ಡಬ್ಬಿಯ ಮುಚ್ಚಳ ಬಿಗಿಯಿರಲಿಲ್ಲ. ಪುಡಿ ಗಾಳಿಗೆ ಸತ್ತುಹೋಗುತ್ತದೆ ಎಂದು ಇನ್ಸ್‌ಪೆಕ್ಟರೇ ಹೇಳಿದ್ದರು. ಅಪ್ಪನನ್ನು ಪೀಡಿಸಿ ಕೋಲಾರಕ್ಕೆ ಕಳಿಸಿದೆ. ಒಡೆಯದ ಡಬ್ಬಿ ತಂದರು. ಅದನ್ನು ಉಪ್ಪಿನಕಾಯಿ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟೆ. ಅಮ್ಮ ಭರಣಿ ಹೋಯಿತೆಂದು ಗೊಣಗಿದಳು. ಹೊಸ ಪುಡಿ ಹಾಕಿದೆ. ಸಂಜೆ ನವಿಲು, ಬೆಳಗ್ಗೆ ಅಕ್ಕಿ ನೀರು. ಮೊದಲ ಸೋಮವಾರ ಇನ್ಸ್‌ಪೆಕ್ಟರು ಬಟ್ಟಲು ನೋಡಿ ತಲೆ ಆಡಿಸಿ ಹೋದರು.

ಆಮೇಲೆ ಮಾವಿನ ಹೂವಿನ ಮೇಲೆ ನನ್ನ ಕಣ್ಣು ಬಿತ್ತು. ತೋಪೆಲ್ಲ ಹೂ ಹೊತ್ತು ನಿಂತಿತ್ತು. ಗಾಳಿ ಬೀಸಿದರೆ ಹೂವಿನ ಪುಡಿ ತೊಟ್ಟಿಗೆ ಉದುರುತ್ತಿತ್ತು. ಆ ಹೂವಿನಲ್ಲಿರುವ ಹುಳುವಿನ ಜಿಗಿ ಅಂಟು ಎಲೆ ಮೇಲೆ, ನೀರ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ಎಲ್ಲ ಕಡೆ. ಕೊಳೆಯಿದ್ದಷ್ಟೂ ಖಾರ ಅದನ್ನು ಸುಡುವುದರಲ್ಲೇ ಮುಗಿದುಹೋಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ನಾಲ್ಕು ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದು, ತಡಿಕೆಯಿಂದ ತಡಿಕೆಗೆ ಚಪ್ಪರದ ಹಾಗೆ ಕಟ್ಟಿದೆ. ಇದರಿಂದ ಬಿಸಿಲೂ ತಪ್ಪಿತು. ಬಿಸಿಲೂ ಖಾರ ತಿನ್ನುತ್ತದಂತೆ. ದಿನಕ್ಕೆ ಮೂರು ಸಲ ಸೀರೆ ಕೊಡವಿದೆ. ನೀರಿನ ಮೇಲೆ ಒಂದು ಎಲೆ ತೇಲಿದರೂ ಓಡಿಹೋಗಿ ತೆಗೆದೆ. ಬೆಳಗಿನ ಬಟ್ಟಲಿಗೆ ಕೊಂಚ ಬಣ್ಣ ಬಂತು. ನೀಲಿಯೆನ್ನುವ ಹಾಗಿಲ್ಲ, ನೀಲಿಯಲ್ಲ ಎನ್ನುವ ಹಾಗೂ ಇಲ್ಲ. ಅದು ನನಗೆ ಬಿಳುಪಿಗಿಂತ ಹೆಚ್ಚು ಸಂಕಟ ಕೊಟ್ಟಿತು.

"ಏನ್ ಬರ್ಕೊಂಡ್ರಿ ಶ್ಯಾನುಭೋಗರೇ?" ಅಕ್ಕ ನೀರಿನಿಂದಲೇ ಕೇಳಿದಳು.

"ಅರೆನೀಲಿ."

"ಅರೆ ಅಂದ್ರೆ? ಅರ್ಧ ಕಾಲು ಇಳಿಸ್ಲಾ?"

"ಸುಮ್ನಿರೇ. ರಾತ್ರಿ ಇದಕ್ಕೆ ಏನೋ ಬೀಳ್ತಾ ಇದೆ. ಕಪಿಲೆಯವನ ಮಕ್ಕಳು ಬಂದು ಏನಾದ್ರೂ ಮಾಡಿ ಹೋಗ್ತಾವೋ ಏನೋ."

"ನಾನೇ ನೀರೊಳಗೆ ಮಾಡ್ತಿದೀನಿ ಅಂತ ಬರ್ಕೊಂಡಿಲ್ಲ ತಾನೆ?"

ನಾನು ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದೆ.

"ಅಯ್ಯೋ ಪಾಪಿ! ಬರ್ಕೊಂಡಿದೀಯಾ!" ಅಂತ ಬೊಗಸೆ ತುಂಬ ನೀರು ನನ್ನ ಮುಖಕ್ಕೆ ಎರಚಿದಳು. ಕಣ್ಣು ಉರಿಯಿತು.

ಆ ಉರಿಯೇ ನನಗೆ ಅರ್ಥವಾಗದ ಇನ್ನೊಂದು ಸಂಗತಿ. ಬಟ್ಟಲಿನಲ್ಲಿ ಖಾರವಿಲ್ಲ, ಮೂಗಿನಲ್ಲಿ ಇದೆ. ತಡಿಕೆ ಸರಿಸಿದರೆ ಗಕ್ಕನೆ ಹೊಡೆಯುವ ವಾಸನೆ. ನೀರಿನಿಂದ ಎದ್ದ ಮೇಲೆ ಅಕ್ಕನ ಕಣ್ಣು ಸಂಜೆಯವರೆಗೆ ಕೆಂಪಗಿರುತ್ತಿತ್ತು. "ಪುಡಿ ಜಾಸ್ತಿಯಾಗಿದೆ, ನಾಳೆಯಿಂದ ಕಡಿಮೆ ಮಾಡು" ಅಂತ ಅಪ್ಪ. ಎರಡನೆಯ ಸೋಮವಾರ ಬಂದ ಇನ್ಸ್‌ಪೆಕ್ಟರು, "ಪುಡಿ ಸಾಲದು, ಜಾಸ್ತಿ ಮಾಡು" ಅಂತ. ನಾನು ಜಾಸ್ತಿ ಮಾಡಿದೆ. ವಾಸನೆ ಜಾಸ್ತಿಯಾಯಿತು. ಬಣ್ಣ ಆಗಲಿಲ್ಲ. ಅಕ್ಕ ನೀರಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಲು ಆಡಿಸುವಂತಾಯಿತು. ಆದರೆ ಅದೇ ವಾರ ಒಂದು ದಿನ ಅವಳ ಎಡಗಾಲಿನ ಹೆಬ್ಬೆರಳು ನೀರಿನೊಳಗೆ ತಾನಾಗಿ ಮಡಚಿ ಬಿಚ್ಚಿತು. ಮೂವರೂ ಬಗ್ಗಿ ನೋಡಿದೆವು. ಇನ್ನೊಮ್ಮೆ ಮಡಚಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ನನ್ನ ಚಡಪಡಿಕೆ ಇಮ್ಮಡಿಯಾಯಿತು. ಕಾಲು ಕಲಿಯಲು ಶುರುಮಾಡಿದೆ, ತೊಟ್ಟಿ ಹೋಗುತ್ತದೆ.

ಉಳಿದಿದ್ದದ್ದು ಯುಗಾದಿಗೆ ಮುಂಚಿನ ಸೋಮವಾರ ಒಂದೇ. ಅಂದು ನನಗೆ ಬೇಗ ಎಚ್ಚರವಾಯಿತು. ಹುಳುಗಳಿಗೆ ಸೊಪ್ಪು ಹಾಕುವುದಕ್ಕೂ ಮುಂಚೆ, ಇನ್ನೂ ಅಂಗೈ ಗೆರೆ ಕಾಣದಷ್ಟು ಮಬ್ಬಿನಲ್ಲಿ, ಬಟ್ಟಲು ತೆಗೆದುಕೊಂಡು ಹೋದೆ. ನೀರು ತೆಗೆದು, ಗಂಜಿ ಬಿಟ್ಟು, ಹರಳು ಹಾಕಿದೆ. ಮಬ್ಬಿನಲ್ಲಿ ಏನೂ ತಿಳಿಯಲಿಲ್ಲ. ಅಡುಗೆಮನೆಯ ದೀಪದ ಹತ್ತಿರ ಹಿಡಿದಾಗ ಬಟ್ಟಲ ತುಂಬ ನೀಲಿ. ಸಂಜೆಯಷ್ಟೇ ಗಾಢ. ಅಮ್ಮ ಒಲೆ ಊದುತ್ತಿದ್ದವಳು ತಿರುಗಿ ನೋಡಿ, "ಬಂತಾ?" ಅಂದಳು. ಬಟ್ಟಲನ್ನು ದೇವರ ಗೂಡಿನ ಮುಂದೆ ಇಟ್ಟೆ. ಅಪ್ಪನನ್ನು ಎಬ್ಬಿಸಿದೆ. ಅಕ್ಕನನ್ನು ಎಬ್ಬಿಸಿದೆ.

ಇನ್ಸ್‌ಪೆಕ್ಟರು ಬಿಸಿಲೇರುವ ಮುಂಚೆ ಬಂದರು. ನಾನು ನಗುತ್ತ ಅವರ ಮುಂದೆಯೇ ನೀರು ತೆಗೆದೆ, ಗಂಜಿ ಬಿಟ್ಟೆ, ಹರಳು ಹಾಕಿದೆ. ಬಟ್ಟಲು ಬೆಳ್ಳಗೇ ಇತ್ತು.

ಇನ್ನೊಂದು ಮೂಲೆಯ ನೀರು ತೆಗೆದೆ. ಅಲ್ಲಿಯೂ ಬಿಳುಪು. ಬೆಳಗಿನ ಬಟ್ಟಲನ್ನು ದೇವರ ಗೂಡಿನಿಂದ ತಂದು ತೋರಿಸಿದೆ. ಅದರಲ್ಲಿ ಇನ್ನೂ ನೀಲಿಯಿತ್ತು.

"ಇದು ಇದೇ ನೀರು ಸಾರ್. ಈಗ ತಾನೆ ತೆಗೆದದ್ದು. ಬಿಸಿಲೂ ಬಂದಿಲ್ಲ. ಒಂದು ಎಲೇನೂ ಬಿದ್ದಿಲ್ಲ."

ಅವರು ನನ್ನ ಮುಖ ನೋಡಿದರು. ನಾನು ಬೇರೆ ಏನನ್ನೋ ಕಲಸಿ ತೋರಿಸುತ್ತಿದ್ದೇನೆಂದು ಅವರಿಗೆ ಅನಿಸಿತೋ ಏನೋ. "ತಾಯಿ, ನಾನು ನೋಡಿದ್ದನ್ನೇ ಬರೀಬೇಕು" ಅಂದರು. ಅಪ್ಪನ ಕಡೆ ತಿರುಗಿ, "ಯಜಮಾನ್ರೇ, ಇನ್ನು ನನ್ನ ಕೈಲಿಲ್ಲ" ಅಂದರು.

ಅಪ್ಪ ಪಂಚೆ ಎತ್ತಿ ಕಟ್ಟಿ ತೂಬಿನ ಕಡೆ ನಡೆದರು. ಮರದ ಬಿರಡೆಯನ್ನು ಅಲ್ಲಾಡಿಸಲು ಗುದ್ದಲಿಯ ಹಿಂಭಾಗದಿಂದ ಒಂದು ಏಟು ಹಾಕಿದರು. ಅಕ್ಕ ಹಿತ್ತಲ ಜಗುಲಿಯಲ್ಲಿ ಕೂತು ನೋಡುತ್ತಿದ್ದಳು. ಅವಳ ಬಾಯಿಂದ ಮೊದಲ ಸಲ ಯಾವ ಹಾಸ್ಯವೂ ಬರಲಿಲ್ಲ.

ಆಗ ಕೊಟ್ಟಿಗೆಯ ಕಡೆಯಿಂದ ಅಜ್ಜಿ ಕೂಗಿದರು. ಅಪ್ಪನ ತಾಯಿ. ರಾಯಲ್ಪಾಡಿನ ಕಡೆಯವರಾದ್ದರಿಂದ ಸಿಟ್ಟು ಬಂದರೆ ತೆಲುಗೇ ಮೊದಲು ಬರುತ್ತಿತ್ತು.

"ಒರೇಯ್! ಆಗರಾ! ನಿಲ್ಲಿಸು! ಈಗ ತಾನೆ ಶುದ್ಧ ಮಾಡಿದೀನಿ, ಎಲ್ಲಾ ಚರಂಡಿಗೆ ಬಿಡ್ತೀಯಾ?"

ಅಪ್ಪನ ಕೈ ನಿಂತಿತು. "ಏನು ಶುದ್ಧ ಮಾಡ್ದೆ?"

"ತೊಟ್ಟೀನ. ಇನ್ನೇನನ್ನ?"

"ಯಾವುದರಲ್ಲಿ?"

"ಶುದ್ಧ ಯಾವುದರಲ್ಲೋ ಮಾಡ್ತಾರೆ?" ಅಜ್ಜಿ ಕೈಯಲ್ಲಿದ್ದ ತಾಮ್ರದ ಚೊಂಬನ್ನು ಎತ್ತಿ ತೋರಿಸಿದರು. "ಗಂಜಲ. ಮೇಲೆ ಒಂದಿಷ್ಟು ಹಾಲು. ಕಪಿಲ ಹಸೂದು."

ಅಜ್ಜಿ ಏನನ್ನೂ ಬಚ್ಚಿಟ್ಟಿರಲಿಲ್ಲ. ದಿನಾ ಬೆಳಗ್ಗೆ ನಾನು ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿಗೆ ಅವರು ಕೊಟ್ಟಿಗೆಯಲ್ಲಿ ಗಂಜಲ ಹಿಡಿದು, ಬಾಗಿಲ ಹೊಸ್ತಿಲಿಗೆ ಚಿಮುಕಿಸಿ, ಹುಳದ ಮನೆಯ ಬಾಗಿಲಿಗೆ ಚಿಮುಕಿಸಿ, ಉಳಿದದ್ದನ್ನು ಹಿತ್ತಲಿಗೆ ಒಯ್ಯುವುದನ್ನು ನಾವೆಲ್ಲ ಕಾಣುತ್ತಿದ್ದೆವು. ರೇಷ್ಮೆ ಹುಳು ಸಾಕುವವರಿಗೆ ಮೈಲಿಗೆಯ ಭಯ ಹೆಚ್ಚು. ಯಾರದೋ ಮೈಲಿಗೆ ಸೋಕಿದರೆ ತಟ್ಟೆಗಟ್ಟಲೆ ಹುಳು ಕರಗಿಹೋಗುತ್ತವೆ ಎನ್ನುವ ಮಾತು ಕೇಳುತ್ತಲೇ ಬೆಳೆದವರು ನಾವು. ಅಜ್ಜಿಯ ಚೊಂಬು ನನಗೆ ಬೆಳಗಾಗುವುದರ ಒಂದು ಭಾಗವಾಗಿತ್ತು. ಹೂವಿಗೆ, ಗಾಳಿಗೆ, ಬಿಸಿಲಿಗೆ, ಕಪಿಲೆಯವನ ಮಕ್ಕಳಿಗೆ, ಅಕ್ಕನಿಗೆ ಕೂಡ ನಾನು ಒಂದೊಂದು ಕಾಲಂ ಹಾಕಿದ್ದೆ. ಅಜ್ಜಿಗೆ ಹಾಕಿರಲಿಲ್ಲ.

"ದಿನಾ ಹಾಕ್ತೀರಾ ಅಜ್ಜಿ?" ಇನ್ಸ್‌ಪೆಕ್ಟರು ಕೇಳಿದರು.

"ದಿನಾ. ನೀವು ದಿನಾ ಪುಡಿ ಹಾಕಿಸ್ತೀರಲ್ಲಪ್ಪ. ಮೊದಮೊದಲು ಅರ್ಧ ಚೊಂಬು ಸಾಕಾಗ್ತಿತ್ತು. ಇವಳು ಪುಡಿ ಜಾಸ್ತಿ ಮಾಡಿದ್ಲು, ನಾನೂ ತುಂಬ ತಂದೆ."

"ಪುಡಿಯಿಂದ ಏನು ಮೈಲಿಗೆ?"

"ನನಗೇನು ಗೊತ್ತಿಲ್ವಾ? ಮಾಲೂರು ಸ್ಟೇಷನ್ನಲ್ಲಿ ಕಣ್ಣಾರೆ ನೋಡಿದೀನಿ. ಗೂಡ್ಸ್ ಬಂಡಿ ತುಂಬ ಮೂಳೆ. ಎಲ್ಲಿಗೆ ಹೋಗುತ್ತೆ ಅದು? ಪುಡಿ ಆಗಿ ಹಿಂದಕ್ಕೆ ಬರುತ್ತೆ. ಬೆಳ್ಳಗಿರುತ್ತೆ, ಗಬ್ಬು ನಾರುತ್ತೆ, ಇನ್ನೇನದು? ಆ ನೀರಲ್ಲಿ ಮಗು ಇಳಿದು, ಅದೇ ಮೈಯಲ್ಲಿ ಹುಳದ ಮನೆ ಮುಂದೆ ಹಾದು ಒಳಗೆ ಬರ್ಬೇಕು. ಆ ಕಾಲು ತಾನೆ ಹೇಗೆ ವಾಸಿಯಾಗುತ್ತೆ ಅದರಲ್ಲಿ?"

ಇನ್ಸ್‌ಪೆಕ್ಟರು ನಕ್ಕರು. ಅಜ್ಜಿಯ ಮುಖ ನೋಡಿ ನಗು ನುಂಗಿಕೊಂಡರು. ಅದು ಮೂಳೆಯಲ್ಲ, ಸುಣ್ಣದಿಂದ ಮಾಡಿದ್ದು ಎಂದು ಹೇಳಿದರು. ಅಜ್ಜಿ ನಂಬಲಿಲ್ಲ. ಆಮೇಲೆ ಇನ್ಸ್‌ಪೆಕ್ಟರು ಬೆಳಗಿನ ನೀಲಿ ಬಟ್ಟಲನ್ನು ತೆಗೆದುಕೊಂಡು ಚೊಂಬಿನ ತಳದಲ್ಲಿ ಉಳಿದಿದ್ದ ಗಂಜಲದಲ್ಲಿ ಸ್ವಲ್ಪವನ್ನು ಅದಕ್ಕೆ ಬಿಟ್ಟು ಕಡ್ಡಿಯಿಂದ ಕಲಕಿದರು. ನಾವು ನೋಡುತ್ತಿದ್ದಂತೆಯೇ ನೀಲಿ ತೆಳುವಾಗುತ್ತ ಹೋಗಿ, ಬಟ್ಟಲು ತೊಟ್ಟಿಯ ನೀರಿನ ಹಾಗೇ ಆಯಿತು.

"ನೋಡಿದ್ರಾ ಅಜ್ಜಿ? ನಮ್ಮ ಔಷಧಿ ಎಲ್ಲಾ ಇದು ತಿಂದುಹಾಕುತ್ತೆ."

ಅಜ್ಜಿ ಬಟ್ಟಲನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಮುಖ ಅರಳಿತು.

"ನಾನು ಹೇಳ್ಲಿಲ್ವಾ? ನಿಮ್ಮ ವಿಷ ಹೇಗೆ ತೆಗೆದುಬಿಡ್ತು ನೋಡಿ! ಕಣ್ಣೆದುರಿಗೇ ತೋರಿಸ್ಬಿಟ್ರಲ್ಲಪ್ಪ, ನೂರು ವರ್ಷ ಚೆನ್ನಾಗಿರಿ."

ಜಗುಲಿಯಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಮಾತ್ರ ಅಳು ಬರುವ ಹಾಗಿತ್ತು.

ಇನ್ಸ್‌ಪೆಕ್ಟರು ಇನ್ನೊಂದು ಸೋಮವಾರದ ಗಡುವು ಕೊಟ್ಟು ಹೋದರು. ಆದರೆ ಕಷ್ಟ ಮುಗಿದಿರಲಿಲ್ಲ. ಅಜ್ಜಿಗೆ ಚೊಂಬು ತರಬೇಡ ಎನ್ನುವುದು ಹೇಗೆ? ಅಪ್ಪ ಹೇಳಿ ನೋಡಿದರು. "ಸರಿ, ಹಾಕೋದಿಲ್ಲ. ಹಾಗಾದ್ರೆ ಮಗು ತೊಟ್ಟಿಯಿಂದ ಎದ್ದು ಕೊಟ್ಟಿಗೇಲೇ ಮಲಗ್ಲಿ. ನಾನೂ ಅಲ್ಲೇ ಮಲಗ್ತೀನಿ" ಅಂದರು ಅಜ್ಜಿ. ಹಟಕ್ಕೆ ಹೇಳಿದ ಮಾತಲ್ಲ ಅದು. ಆಗಲೇ ಎರಡು ಚಾಪೆ ಎತ್ತಿಕೊಂಡಿದ್ದರು. ಈ ಮಳೆಗಾಲದೊಳಗೆ ಮೊಮ್ಮಗಳ ಕಾಲು ಬರಬೇಕೆಂದು ಅವರಿಗೂ ಇತ್ತು. ನಮಗಿಂತ ಜಾಸ್ತಿಯೇ ಇತ್ತೇನೋ. ಅದಕ್ಕೇ ತಾನೆ ಬಿಡದೆ ದಿನಾ ಹಾಕಿದ್ದು?

ಅಪ್ಪ ಹೊಲಕ್ಕೆ ಹೋದರು. ಅಮ್ಮ ಒಳಗೆ ಹೋದಳು. ನಾನು ತೊಟ್ಟಿಯ ಸುತ್ತ ಸುತ್ತುತ್ತಿದ್ದೆ. ಅಕ್ಕ ಜಗುಲಿಯಿಂದ ಅಜ್ಜಿಯನ್ನು ಕರೆದಳು.

"ಅಜ್ಜೀ, ಬಾ ಇಲ್ಲಿ. ಪುಡಿಯಿಂದ ಮೈಲಿಗೆ ಆಗೋದು ಯಾರಿಗೆ? ನೀರಿಗೋ ನನಗೋ?"

"ಇದೇನೇ ಹೀಗೆ ಕೇಳ್ತೀಯ? ಇಬ್ಬರಿಗೂ."

"ನೀರು ಮನೆಯೊಳಗೆ ಬರುತ್ತಾ?"

"ಇಲ್ಲ."

"ನಾನು ಬರ್ತೀನಿ ತಾನೆ? ಹಾಗಿದ್ರೆ ಅದು ಹೊರಗಿದ್ದ ಹಾಗೆ ಇರ್ಲಿ ಬಿಡು. ನಾನು ಎದ್ದು ಬಂದ ಮೇಲೆ ಚೊಂಬು ನನ್ನ ತಲೆ ಮೇಲೆ ಹುಯ್ಯಿ."

ಅಜ್ಜಿ ಯೋಚಿಸಿದರು. "ಪೂರ್ತಿ ಚೊಂಬು?"

"ಪೂರ್ತಿ."

"ಹಾಲೂ?"

"ಹಾಲು ಕುಡಿಯೋಕೆ ಕೊಡು."

"ದಿನಾ ಎರಡು ಹೊತ್ತೂ ಹುಯ್ಯಬೇಕು ಮತ್ತೆ. ಆಮೇಲೆ ನಾರುತ್ತೆ ಅಂತ ಅನ್ನಬಾರದು."

"ಅನ್ನಲ್ಲ. ಶ್ಯಾನುಭೋಗರು ಬರ್ಕೋತಾರೆ, ಅನ್ನಲಿಲ್ಲ ಅಂತ."

ಹಾಗೇ ಆಯಿತು. ಅಂದು ಸಂಜೆ ಪುಡಿ ಹಾಕಿದೆ. ಮಾರನೆಯ ಬೆಳಗ್ಗೆ ಹುಳದ ಮನೆಯ ಬಾಗಿಲಲ್ಲಿ ನಿಂತು ಅಜ್ಜಿಯನ್ನು ನೋಡುತ್ತಿದ್ದೆ. ಹೊಸ್ತಿಲಿಗೆ ಚಿಮುಕಿಸಿದರು, ಹುಳದ ಮನೆಗೆ ಚಿಮುಕಿಸಿದರು, ಹಿತ್ತಲಿಗೆ ನಡೆದರು. ಅಭ್ಯಾಸದ ಕಾಲು ನೇರ ತೊಟ್ಟಿಯ ಅಂಚಿಗೇ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ನೀರನ್ನು ನೋಡಿ, ಏನೋ ಗೊಣಗಿಕೊಂಡು, ಚೊಂಬನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೆ ಎಲೆ ಮುಚ್ಚಿದರು. ಬಟ್ಟಲು ನೀಲಿಯಾಯಿತು. ವಾಸನೆಯೂ ಎರಡು ಮೂರು ದಿನದಲ್ಲಿ ತಗ್ಗಿತು. ವಾಸನೆ ತಗ್ಗಿ ಬಣ್ಣ ಏರುವುದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಇನ್ಸ್‌ಪೆಕ್ಟರನ್ನು ಕೇಳಿದೆ. ಅಷ್ಟೊಂದು ನಾರುತ್ತಿದ್ದುದು ಬರೀ ಪುಡಿಯಲ್ಲ, ಪುಡಿಯೂ ಗಂಜಲವೂ ಕೂಡಿದ್ದು ಅಂದರು. ಅಕ್ಕನ ಕಣ್ಣಿನ ಕೆಂಪೂ ಹೋಯಿತು. ಆ ಸೋಮವಾರ ಇನ್ಸ್‌ಪೆಕ್ಟರು ಬಟ್ಟಲು ನೋಡಿ, ಬರೆದುಕೊಂಡು, ಅಜ್ಜಿಗೆ ಕೈಮುಗಿದು ಹೋದರು.

ಅಕ್ಕ ದಿನಕ್ಕೆರಡು ಸಲ ಮೆಟ್ಟಿಲ ತುದಿಯಲ್ಲಿ ಕೂತು ಕಣ್ಣು ಮುಚ್ಚಿ ತಲೆ ಬಗ್ಗಿಸುತ್ತಿದ್ದಳು. ಅಜ್ಜಿ ಹುಯ್ಯುತ್ತಿದ್ದರು. ಆಮೇಲೆ ಅಮ್ಮ ಬಚ್ಚಲಲ್ಲಿ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. "ಇನ್ನು ನನ್ನ ತಲೇಲಿ ಹೇನಿದ್ರೂ ಮಡಿ ಹೇನು" ಅನ್ನುತ್ತಿದ್ದಳು ಅಕ್ಕ. ನಾರುತ್ತದೆ ಅಂತ ಒಮ್ಮೆಯೂ ಅನ್ನಲಿಲ್ಲ.

ಎಲ್ಲ ಸರಿಹೋದ ಮೇಲೂ ನನ್ನ ಚಡಪಡಿಕೆ ಹೋಗಲಿಲ್ಲ. ಬೆಳಗ್ಗೆ ಒಂದು ಸಲ ನೋಡಿದರೆ ಸಾಕಾಗಿತ್ತು. ಮಧ್ಯಾಹ್ನವೂ ನೋಡುತ್ತಿದ್ದೆ, ಅಕ್ಕ ನೀರಿಗಿಳಿಯುವ ಮುಂಚೆ ನೋಡುತ್ತಿದ್ದೆ, ಎದ್ದ ಮೇಲೆ ನೋಡುತ್ತಿದ್ದೆ. ಈಗ ನೀಲಿಯಿದೆ, ಇನ್ನೊಂದು ಘಳಿಗೆಗೆ ಇರುತ್ತದೆಯೆ? ಅಜ್ಜಿ ಮರೆತು ಹುಯ್ದಿದ್ದರೆ? ಸೀಸೆಯ ಹರಳು ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಮಾವಿನಕಾಯಿ ಗೋಲಿಯಷ್ಟಾಗಿದ್ದ ಕಾಲ. ಒಂದು ಸಂಜೆ ಅಮ್ಮ ಒಣಗಿದ ಸೀರೆ ತರಲು ಒಳಗೆ ಹೋಗಿದ್ದಳು. ಅಜ್ಜಿ ಎಂದಿನಂತೆ ಮೆಟ್ಟಿಲ ಮೇಲ್ತುದಿಯಲ್ಲಿ ಚೊಂಬು ಹಿಡಿದು ನಿಂತಿದ್ದರು. ನಾನು ಆಚೆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಟ್ಟಲಿಗೆ ಹರಳು ಹಾಕಿ, ಬಣ್ಣ ಬರುವುದನ್ನು ಕಾಯುತ್ತಿದ್ದೆ. ಬಂತು. ಇನ್ನಷ್ಟು ಗಾಢವಾಗುತ್ತದೆಯೇ ಎಂದು ನೋಡುತ್ತಿದ್ದೆ.

ಚೊಂಬು ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದಾಯಿತು.

ಮೊದಲು ನನ್ನ ಕಣ್ಣು ನೀರಿನ ಕಡೆಗೇ ಹೋಯಿತು. ಗಂಜಲ ತೊಟ್ಟಿಗೆ ಬಿತ್ತೇ? ಬಿದ್ದಿರಲಿಲ್ಲ. ಅದು ಮಾವಿನ ಬುಡದ ಕಡೆ ಹರಿಯುತ್ತಿತ್ತು. ಆಮೇಲೆ ತಲೆಯೆತ್ತಿದೆ. ಅಕ್ಕ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತಿದ್ದಳು. ಒಂದು ಕೈ ತಡಿಕೆಯ ಮೇಲೆ, ಇನ್ನೊಂದು ಅಜ್ಜಿಯ ಹೆಗಲ ಮೇಲೆ. ಅಂಗಿಯಿಂದ ನೀರು ಸುರಿಯುತ್ತಿತ್ತು. ಎಡಗಾಲು ನಡುಗುತ್ತಿತ್ತು, ಆದರೆ ನೆಲದ ಮೇಲಿತ್ತು. ಅಜ್ಜಿ ಅವಳನ್ನು ಒದ್ದೆಯಲ್ಲೇ ತಬ್ಬಿಕೊಂಡಿದ್ದರು. ಹುಯ್ಯಲಿಕ್ಕೆ ಏನೂ ಉಳಿದಿರಲಿಲ್ಲ, ಅದು ಅವರ ಗಮನಕ್ಕೂ ಬಂದ ಹಾಗಿರಲಿಲ್ಲ.

"ಹತ್ತಿದೆಯಾ? ನೀನೇ?" ನಾನು ಬಟ್ಟಲು ಹಿಡಿದುಕೊಂಡೇ ಓಡಿದೆ. "ಎಷ್ಟು ಮೆಟ್ಟಿಲು? ಯಾವ ಕಾಲು ಮೊದಲು? ಇಳಿದು ಇನ್ನೊಂದ್ಸಲ ಹತ್ತೇ, ನಾನು ನೋಡ್ಲಿಲ್ಲ."

"ಹೋಗೇ! ನಿನ್ನ ಕಾಲಂ ತುಂಬ್ಸೋಕೆ ನಾನು ಇಳಿದು ಹತ್ತಬೇಕಾ?" ಅಕ್ಕನ ಹಲ್ಲು ಕಟಕಟ ಅನ್ನುತ್ತಿತ್ತು. "ಎಲ್ಲಿ ನೋಡ್ತಿದ್ದೆ?"

ನಾನು ಬಟ್ಟಲು ತೋರಿಸಿದೆ.

"ನೀಲಿ ಬಂತಾ?"

"ಬಂತು."

"ಮತ್ತೆ ಇನ್ನೇನು ಬೇಕು ನಿನಗೆ?" ಅಂದು ಅಕ್ಕ ಅಲ್ಲೇ ಕುಸಿದು ಕೂತಳು.

ಮಾರನೆಯ ದಿನ ಅವಳಿಗೆ ಹತ್ತಲಾಗಲಿಲ್ಲ. ಅದರ ಮಾರನೆಯ ದಿನವೂ ಆಗಲಿಲ್ಲ. ಮತ್ತೆ ಹತ್ತಿದಾಗ ನಾನು ಬಟ್ಟಲನ್ನು ಮನೆಯಲ್ಲೇ ಬಿಟ್ಟು ಬಂದು ನೋಡಿದೆ, ಬರೆದುಕೊಂಡೆ. ಆದರೆ ಆ ಮೊದಲ ಸಂಜೆಯ ಪುಟದಲ್ಲಿ ಇರುವುದು ಒಂದೇ ಮಾತು, "ನೀಲಿ, ಗಾಢ." ಅಜ್ಜಿಯನ್ನು ಎಷ್ಟು ಸಲ ಕೇಳಿದೆನೋ. ಒಮ್ಮೆ ಎಡ ಮೊದಲು ಅನ್ನುತ್ತಾರೆ, ಒಮ್ಮೆ ಬಲ ಅನ್ನುತ್ತಾರೆ. ಇನ್ನೂ ಒತ್ತಿ ಕೇಳಿದರೆ, "ನಾನು ಅದರ ಮುಖ ನೋಡ್ತಿದ್ದೆ ಕಣೇ ತಲ್ಲಿ, ಕಾಲು ಯಾರು ನೋಡ್ತಾರೆ" ಅನ್ನುತ್ತಾರೆ.